‘ಎದ್ದು ನಿಲ್ಲಿ, ಕುಣಿಯಿರಿ, ಕೂಗಿ’ ಎಂದ ಪುಟಾಣಿಗಳ ಸಿನಿಮಾ: ಏನಿದು ‘ಊಗಿಲವ್ಸ್’? ಥಿಯೇಟರ್ ಯಾಕೆ ಖಾಲಿ ಹೊಡೀತು?

ಮೂರು-ನಾಲ್ಕು ವರ್ಷದ ಮಗುವನ್ನು ಸಿನಿಮಾಗೆ ಕರ್ಕೊಂಡು ಹೋದವರಿಗೆ ಆ ಪಾಡು ಗೊತ್ತೇ ಇರುತ್ತೆ. ಮೊದಲ ಹತ್ತು ನಿಮಿಷ ಕಣ್ಣರಳಿಸಿ ನೋಡುತ್ತೆ. ಆಮೇಲೆ ಸೀಟಿನ ಮೇಲೆ ನಿಂತ್ಕೊಳ್ಳುತ್ತೆ, ಮುಂದಿನ ಸೀಟಿಗೆ ಒದೆಯುತ್ತೆ, ಜೋರು ದನಿಯಲ್ಲಿ ಪ್ರಶ್ನೆ ಕೇಳುತ್ತೆ. ಹಿಂದಿನ ಸಾಲಿನಿಂದ ‘ಶ್ಶ್’ ಅಂತ ಬರುತ್ತೆ. ಇಂಟರ್ವಲ್‌ಗೂ ಮೊದಲೇ ಅಪ್ಪನೋ ಅಮ್ಮನೋ ಮಗುವನ್ನು ಎತ್ಕೊಂಡು ಹೊರಗೆ ಪಾಪ್‌ಕಾರ್ನ್ ಕೌಂಟರ್ ಹತ್ತಿರ ಅಡ್ಡಾಡ್ತಿರ್ತಾರೆ. ಟಿಕೆಟ್ ದುಡ್ಡು ಹೋದಂತೆಯೇ ಲೆಕ್ಕ.

2012ರಲ್ಲಿ ಅಮೆರಿಕದಲ್ಲಿ ಬಂದ ಒಂದು ಸಿನಿಮಾ ಈ ಕಷ್ಟವನ್ನೇ ತಲೆಕೆಳಗು ಮಾಡಲು ಹೊರಟಿತ್ತು. ಮಗು ಸುಮ್ಮನೆ ಕೂರಲ್ಲ ಅಂತ ತಾನೇ ತೊಂದರೆ? ಹಾಗಾದ್ರೆ ಕೂರಿಸೋದೇ ಬೇಡ. ಏಳಲಿ, ಕುಣಿಯಲಿ, ಪರದೆ ಮೇಲಿನ ಪಾತ್ರಗಳ ಜೊತೆ ಹಾಡಲಿ, ಕೂಗಿ ಮಾತಾಡಲಿ. ಆ ಚಿತ್ರದ ಹೆಸರು ‘ದಿ ಊಗಿಲವ್ಸ್ ಇನ್ ದ ಬಿಗ್ ಬಲೂನ್ ಅಡ್ವೆಂಚರ್’. ಒಂದರಿಂದ ಆರು ವರ್ಷದೊಳಗಿನ ಮಕ್ಕಳನ್ನೇ ಗುರಿಯಾಗಿಟ್ಟುಕೊಂಡ ಹಾಡು-ಕುಣಿತದ ಚಿತ್ರ. ಇವತ್ತು ಈ ಚಿತ್ರವನ್ನು ಜನ ನೆನಪಿಸಿಕೊಳ್ಳೋದು ಒಂದೇ ಕಾರಣಕ್ಕೆ: ಗಲ್ಲಾಪೆಟ್ಟಿಗೆಯಲ್ಲಿ ಅದು ಬಿದ್ದ ರೀತಿಗೆ. ಆದರೆ ಆ ಆಲೋಚನೆ ನಗೆಪಾಟಲಿನದ್ದಲ್ಲ. ಎಲ್ಲಿ ತಪ್ಪಿತು ಅನ್ನೋದು ಮಕ್ಕಳಿರುವ ಮನೆಯವರು ತಿಳಿದುಕೊಳ್ಳಬೇಕಾದ ವಿಷಯವೇ.

ಕಥೆ ಏನು?

ಗೂಬಿ, ಝೂಝಿ, ಟೂಫಿ ಅಂತ ಮೂವರು ಊಗಿಲವ್ಸ್. (ಉತ್ತರ ಕರ್ನಾಟಕದ ಓದುಗರು ಮೊದಲ ಹೆಸರು ಕೇಳಿ ನಕ್ಕರೆ ತಪ್ಪಿಲ್ಲ.) ಮೈಗೆಲ್ಲ ಮೆತ್ತನೆಯ ವೇಷ, ದೊಡ್ಡ ತಲೆ, ಬಣ್ಣಬಣ್ಣದ ಬಟ್ಟೆ. ಒಳಗಿರೋದು ಮನುಷ್ಯರೇ. ಇವರ ಮನೆಯಲ್ಲಿ ಶ್ಲೂಫಿ ಎಂಬ ತಲೆದಿಂಬು ಇದೆ, ಅದಕ್ಕೆ ಜೀವ ಇದೆ, ಅದರ ಹುಟ್ಟುಹಬ್ಬ ಹತ್ತಿರ ಬಂದಿದೆ. ಹಬ್ಬಕ್ಕೆಂದು ಜೆ. ಎಡ್ಗರ್ ಎಂಬ ವ್ಯಾಕ್ಯೂಮ್ ಕ್ಲೀನರ್, ಅದಕ್ಕೂ ಜೀವ ಇದೆ, ಐದು ಮಾಯಾ ಬಲೂನು ತರುತ್ತೆ. ದಾರಿಯಲ್ಲಿ ಬಲೂನುಗಳು ಕೈ ತಪ್ಪಿ ಹಾರಿ ಹೋಗುತ್ತವೆ. ಅವನ್ನು ಒಂದೊಂದಾಗಿ ಹುಡುಕಿ ತರೋದೇ 88 ನಿಮಿಷದ ಚಿತ್ರ.

ಒಂದೊಂದು ಬಲೂನಿನ ಹತ್ತಿರ ಒಬ್ಬೊಬ್ಬ ದೊಡ್ಡ ಕಲಾವಿದ. ಇಲ್ಲಿ ಪಟ್ಟಿ ನೋಡಿದ್ರೆ ಆಶ್ಚರ್ಯ ಆಗುತ್ತೆ. ‘ದಿ ಲಾಸ್ಟ್ ಪಿಕ್ಚರ್ ಶೋ’ಗೆ ಆಸ್ಕರ್ ಗೆದ್ದಿದ್ದ ಕ್ಲೋರಿಸ್ ಲೀಚ್‌ಮನ್ ಚುಕ್ಕಿ-ವೃತ್ತಗಳ ಹುಚ್ಚಿರುವ ಅಜ್ಜಿ. ‘ಬ್ಯಾಕ್ ಟು ದ ಫ್ಯೂಚರ್’ನ ವಿಜ್ಞಾನಿ ಅಜ್ಜ ಕ್ರಿಸ್ಟೋಫರ್ ಲಾಯ್ಡ್ ಇಲ್ಲಿ ಹಾರುವ ಮೆಕ್ಸಿಕನ್ ಟೋಪಿಯಲ್ಲಿ ಕುಣಿಯುತ್ತಾರೆ, ಜೊತೆಗೆ ಟಿವಿ ತಾರೆ ಜೇಮಿ ಪ್ರೆಸ್ಲಿ. ‘ದಿ ಪ್ರಿನ್ಸೆಸ್ ಬ್ರೈಡ್’ನ ಕ್ಯಾರಿ ಎಲ್ವಿಸ್ ತೂರಾಡಿ ನಡೆಯುವ ಕೌಬಾಯ್. ಚ್ಯಾಝ್ ಪಾಲ್ಮಿಂಟೆರಿ ಮಿಲ್ಕ್‌ಶೇಕ್ ಅಂಗಡಿಯವ. ಗ್ರ್ಯಾಮಿ ವಿಜೇತ ಗಾಯಕಿ ಟೋನಿ ಬ್ರ್ಯಾಕ್ಸ್‌ಟನ್ ಕೂಡ ಹಾಡಿದ್ದಾರೆ. ನಿರ್ದೇಶನ ಮ್ಯಾಥ್ಯೂ ಡೈಮಂಡ್.

ಇವರ್ಯಾರೂ ನಾಲ್ಕು ವರ್ಷದ ಮಗುವಿಗೆ ಗೊತ್ತಿಲ್ಲ ಅನ್ನೋದು ಬೇರೆ ಮಾತು. ಪೋಸ್ಟರ್ ನೋಡೋದು ಅಪ್ಪ-ಅಮ್ಮ, ಅವರಿಗಾಗಿ ಈ ಹೆಸರುಗಳು ಅಂದುಕೊಂಡಿರಬಹುದು.

ಚಿಟ್ಟೆ ಬಂದರೆ ಏಳು, ಆಮೆ ಬಂದರೆ ಕೂರು

ಚಿತ್ರದ ವಿಶೇಷ ಇರೋದು ಇಲ್ಲಿ. ಶುರುವಿನಲ್ಲೇ ಮಕ್ಕಳಿಗೆ ನಿಯಮ ಹೇಳಿಕೊಡಲಾಗುತ್ತೆ. ಪರದೆ ಮೇಲೆ ಚಿಟ್ಟೆಗಳು ಹಾರಿ ಬಂದರೆ ಎದ್ದು ನಿಲ್ಲಬೇಕು, ಹಾಡಿ ಕುಣಿಯಬೇಕು. ಆಮೆಗಳು ತೆವಳಿ ಬಂದರೆ ವಾಪಸ್ ಸೀಟಿಗೆ. ಓದಲು ಬರದ ವಯಸ್ಸಿನವರಿಗೆ ಅಕ್ಷರದ ಬದಲು ಚಿತ್ರದ ಸನ್ನೆ. ಇದು ನಿಜಕ್ಕೂ ಜಾಣ ಉಪಾಯ. ನಡುನಡುವೆ ಪಾತ್ರಗಳು ಪರದೆಯಿಂದ ಹೊರಗೆ ನೋಡಿ ಮಕ್ಕಳ ಸಹಾಯ ಕೇಳುತ್ತವೆ. ಟೂಫಿಯ ಪ್ಯಾಂಟು ಚಿತ್ರದುದ್ದಕ್ಕೂ ಜಾರುತ್ತಿರುತ್ತೆ, ಪ್ರತಿ ಸಲವೂ ಮಕ್ಕಳು ಕೂಗಿ ಎಚ್ಚರಿಸಬೇಕು.

ನಮ್ಮ ಅಂಗನವಾಡಿಗಳಲ್ಲಿ, ನಲಿ-ಕಲಿ ತರಗತಿಗಳಲ್ಲಿ ಮಾಡಿಸುವ ಅಭಿನಯ ಗೀತೆ ನೆನಪಿಸಿಕೊಂಡರೆ ಇದು ಬೇಗ ಅರ್ಥ ಆಗುತ್ತೆ. ಟೀಚರ್ ಕೈ ಮೇಲೆ ಮಾಡಿದರೆ ಮಕ್ಕಳೂ ಮಾಡ್ತಾರೆ, ಕಪ್ಪೆ ಅಂದರೆ ಕುಪ್ಪಳಿಸ್ತಾರೆ. ಅದೇ ಕೆಲಸವನ್ನು ಇಲ್ಲಿ ಸಿನಿಮಾ ಪರದೆ ಮಾಡಲು ಹೊರಟಿದೆ. ಒಂದು ವ್ಯತ್ಯಾಸ ಮಾತ್ರ ಇದೆ, ಅದರ ಬಗ್ಗೆ ಮುಂದೆ ನೋಡೋಣ.

‘ಇಂಟರಾಕ್ಟಿವ್’ ಅನ್ನೋ ಮಾತಿಗೆ ಎರಡು ಅರ್ಥ ಇದೆ, ಗೊಂದಲ ಆಗಬಾರದು. ಒಂದು, ನೋಡುಗ ಆರಿಸಿದಂತೆ ಕಥೆ ಬದಲಾಗೋದು. 1967ರಲ್ಲಿ ಮಾಂಟ್ರಿಯಲ್ ವಿಶ್ವ ಮೇಳದಲ್ಲಿ ಚೆಕೊಸ್ಲೊವಾಕಿಯಾದವರು ತೋರಿಸಿದ ‘ಕಿನೊಆಟೊಮ್ಯಾಟ್’ನಲ್ಲಿ ಪ್ರೇಕ್ಷಕರು ಬಟನ್ ಒತ್ತಿ ಮುಂದೇನಾಗಬೇಕು ಅಂತ ಮತ ಹಾಕುತ್ತಿದ್ದರು. ನೆಟ್‌ಫ್ಲಿಕ್ಸ್ 2017ರಲ್ಲಿ ‘ಪುಸ್ ಇನ್ ಬುಕ್’ ಎಂಬ ಮಕ್ಕಳ ಚಿತ್ರವನ್ನು ಇದೇ ರೀತಿ ಮಾಡಿತ್ತು, ರಿಮೋಟ್‌ನಲ್ಲಿ ಆಯ್ಕೆ. ಊಗಿಲವ್ಸ್ ಈ ಬಗೆಯದ್ದಲ್ಲ. ಮಗು ಕುಣಿದರೂ ಕುಣಿಯದಿದ್ದರೂ ಬಲೂನು ಸಿಕ್ಕೇ ಸಿಗುತ್ತೆ. ಇಲ್ಲಿ ಬದಲಾಗಬೇಕಿರೋದು ಕಥೆಯಲ್ಲ, ಹಾಲ್.

ಈ ಐಡಿಯಾ ಬಂದಿದ್ದು ಎಲ್ಲಿಂದ?

ನಿರ್ಮಾಪಕ ಕೆನ್ ವಿಸೆಲ್‌ಮನ್ ಈ ಕ್ಷೇತ್ರಕ್ಕೆ ಹೊಸಬರೇನಲ್ಲ. ಬ್ರಿಟನ್ನಿನ ‘ಟೆಲಿಟಬ್ಬೀಸ್’ 1998ರಲ್ಲಿ ಅಮೆರಿಕದ ಟಿವಿಗೆ ಬಂದಾಗ ಅದನ್ನು ಅಲ್ಲಿ ಮನೆಮಾತು ಮಾಡಿದವರು. ‘ಥಾಮಸ್’ ರೈಲು ಇಂಜಿನ್ನಿನ ಆಟಿಕೆ ವ್ಯಾಪಾರದಲ್ಲೂ ಪಳಗಿದ್ದರು. ಟೈಲರ್ ಪೆರಿಯ ‘ಮೇಡಿಯಾ’ ಸರಣಿಯ ಚಿತ್ರವೊಂದನ್ನು ನೋಡಲು ಹೋದಾಗ ಪ್ರೇಕ್ಷಕರು ಪರದೆ ಮೇಲಿನ ಪಾತ್ರಗಳಿಗೆ ಕೂಗಿ ಬುದ್ಧಿ ಹೇಳೋದನ್ನು ಕಂಡು ಈ ಆಲೋಚನೆ ಹುಟ್ಟಿತು ಅಂತ ಅವರು ಹೇಳಿಕೊಂಡಿದ್ದರು.

ಕನ್ನಡದವರಿಗೆ ಇದು ಹೊಸ ದೃಶ್ಯವೇನಲ್ಲ. ಹೀರೋ ಎಂಟ್ರಿಗೆ ಶಿಳ್ಳೆ, ಪರದೆಗೆ ಕಾಸು ಎಸೆಯೋದು, ಹಾಡಿಗೆ ಪರದೆ ಮುಂದೆ ಹೋಗಿ ಕುಣಿಯೋದು, ‘ಹಿಂದೆ ನೋಡೋ’ ಅಂತ ನಾಯಕನಿಗೆ ಎಚ್ಚರಿಸೋದು, ಇವೆಲ್ಲ ನಮ್ಮ ತಾಲ್ಲೂಕು ಟಾಕೀಸುಗಳಲ್ಲಿ ದಶಕಗಳಿಂದ ನಡೆದಿದ್ದೇ. ಆದರೆ ಒಂದು ಗಮನಿಸಬೇಕು. ಶಿಳ್ಳೆ ಹೊಡೆಯಿರಿ ಅಂತ ಪರದೆ ಮೇಲೆ ಯಾರೂ ಬರೆದು ತೋರಿಸಿರಲಿಲ್ಲ. ಹಾಲ್ ತುಂಬಿತ್ತು, ಹೀರೋ ಪರಿಚಯದವನಾಗಿದ್ದ, ಪಕ್ಕದವನು ಹೊಡೆದ, ಇವನೂ ಹೊಡೆದ, ಅಷ್ಟೇ.

ಮಕ್ಕಳ ನಾಟಕದಲ್ಲಿ ಇದಕ್ಕೂ ಹಳೆಯ ಉದಾಹರಣೆ ಇದೆ. 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ‘ಪೀಟರ್ ಪ್ಯಾನ್’ ನಾಟಕ ಮೊದಲ ಸಲ ರಂಗಕ್ಕೆ ಬಂತು. ಸಾಯುತ್ತಿರುವ ಟಿಂಕರ್ ಬೆಲ್ ಎಂಬ ಪುಟ್ಟ ಯಕ್ಷಿಣಿಯನ್ನು ಬದುಕಿಸಲು ಪ್ರೇಕ್ಷಕರು ಚಪ್ಪಾಳೆ ತಟ್ಟಬೇಕು ಅಂತ ಪೀಟರ್ ಬೇಡಿಕೊಳ್ಳುತ್ತಾನೆ. ಯಾರೂ ತಟ್ಟದೇ ಹೋದರೆ ಗತಿಯೇನು ಎಂಬ ಭಯ ನಾಟಕಕಾರ ಜೆ.ಎಂ. ಬ್ಯಾರಿಗೂ ಇತ್ತು. ವಾದ್ಯಗೋಷ್ಠಿಯವರು ವಾದ್ಯ ಕೆಳಗಿಟ್ಟು ಚಪ್ಪಾಳೆ ಶುರು ಮಾಡಬೇಕು ಅಂತ ಮೊದಲೇ ಏರ್ಪಾಟು ಮಾಡಿಟ್ಟಿದ್ದರು. ಅದರ ಅಗತ್ಯ ಬೀಳಲಿಲ್ಲ, ಪ್ರೇಕ್ಷಕರೇ ತಟ್ಟಿದರು. ಆದರೂ ಬ್ಯಾರಿ ಪಟ್ಟ ಆ ಭಯ ಸರಿಯಾದದ್ದೇ. ಊಗಿಲವ್ಸ್ ತಂಡದ ಬಳಿ ಅಂಥ ವಾದ್ಯಗೋಷ್ಠಿ ಇರಲಿಲ್ಲ.

ಮೂರು ದಿನ, ಒಂದು ಥಿಯೇಟರ್‌ಗೆ 206 ಡಾಲರ್

ಚಿತ್ರ ತೆರೆಗೆ ಬಂದಿದ್ದು 2012ರ ಆಗಸ್ಟ್ 29, ಬುಧವಾರ. ಒಂದೇ ಸಲಕ್ಕೆ 2,160 ಥಿಯೇಟರ್. ದೊಡ್ಡ ಸ್ಟುಡಿಯೊ ಯಾವುದೂ ಬೆನ್ನಿಗಿರಲಿಲ್ಲ. ತಯಾರಿಕೆಗೆ 2 ಕೋಟಿ ಡಾಲರ್, ಪ್ರಚಾರ-ಬಿಡುಗಡೆಗೆ ಅದರ ಎರಡು ಪಟ್ಟು, ಅಂದರೆ 4 ಕೋಟಿ ಡಾಲರ್ ಖರ್ಚಾಯಿತು ಅಂತ ಆಗ ವರದಿಯಾಗಿತ್ತು. ಆಗಿನ ದರದಲ್ಲಿ ಒಟ್ಟು ಹೆಚ್ಚುಕಡಿಮೆ 330 ಕೋಟಿ ರೂಪಾಯಿ.

ಶುಕ್ರವಾರದಿಂದ ಭಾನುವಾರದವರೆಗಿನ ಗಳಿಕೆ 4,43,901 ಡಾಲರ್. ಭಾಗಿಸಿ ನೋಡಿ: ಒಂದು ಥಿಯೇಟರ್‌ಗೆ ಮೂರು ದಿನಕ್ಕೆ ಸುಮಾರು 206 ಡಾಲರ್. ದಿನಕ್ಕೆ ಐದು ಶೋ ಅಂತ ಹಿಡಿದರೂ ಒಂದು ಶೋಗೆ 14 ಡಾಲರ್ ಬರಲಿಲ್ಲ. ಆ ವರ್ಷ ಅಮೆರಿಕದಲ್ಲಿ ಟಿಕೆಟ್‌ನ ಸರಾಸರಿ ಬೆಲೆ 7.96 ಡಾಲರ್. ಅಂದರೆ ಒಂದು ಶೋಗೆ ಇಬ್ಬರೂ ಪೂರ್ತಿ ಬರಲಿಲ್ಲ ಅಂತಾಯ್ತು. ಒಂದು ಮಗು, ಜೊತೆಗೆ ಒಬ್ಬರು ದೊಡ್ಡವರು ಬಂದಿದ್ದರೂ ಲೆಕ್ಕ ಇದಕ್ಕಿಂತ ಚೆನ್ನಾಗಿರ್ತಿತ್ತು.

ಎರಡು ಸಾವಿರಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ತೆರೆಕಂಡ ಚಿತ್ರಗಳ ಪೈಕಿ ಅದುವರೆಗಿನ ಅತಿ ಕೆಟ್ಟ ಆರಂಭ ಇದು. ಅದಕ್ಕೂ ಮೊದಲು ಆ ಅಪಕೀರ್ತಿ 2008ರ ‘ಡೆಲ್ಗೊ’ ಎಂಬ ಅನಿಮೇಷನ್ ಚಿತ್ರದ ಹೆಸರಿನಲ್ಲಿತ್ತು. ಒಟ್ಟು ಓಟ ಮುಗಿದಾಗ ಊಗಿಲವ್ಸ್ ಗಳಿಸಿದ್ದು 10,65,907 ಡಾಲರ್. ನೂರು ರೂಪಾಯಿ ಹಾಕಿದವನಿಗೆ ಟಿಕೆಟ್ ಕಿಟಕಿಯಲ್ಲಿ ಬಂದಿದ್ದು ಎರಡು ರೂಪಾಯಿಗೂ ಕಡಿಮೆ, ಅದರಲ್ಲೂ ಥಿಯೇಟರ್‌ನವರ ಪಾಲು ಬೇರೆ. 2013ರಲ್ಲಿ ಕಳಪೆ ಚಿತ್ರಗಳಿಗೆ ಕೊಡುವ ರ್‍ಯಾಝಿ ಪ್ರಶಸ್ತಿಗೆ ‘ಅತಿ ಕೆಟ್ಟ ಚಿತ್ರ’ ವಿಭಾಗದಲ್ಲಿ ನಾಮನಿರ್ದೇಶನವೂ ಆಯಿತು. ಅದೂ ಕೈಗೆ ಸಿಗಲಿಲ್ಲ, ‘ಟ್ವಿಲೈಟ್’ ಸರಣಿಯ ಕೊನೆಯ ಚಿತ್ರ ತಗೊಂಡು ಹೋಯ್ತು.

ಬಿಡುಗಡೆಯ ಸಮಯವೂ ಸರಿ ಇರಲಿಲ್ಲ. ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನದ ರಜೆ, ಬೇಸಿಗೆ ಮುಗಿದು ಶಾಲೆ ಶುರುವಾಗೋ ಹೊತ್ತು. ಚಿತ್ರಮಂದಿರಗಳಿಗೆ ಅದು ಮೊದಲಿನಿಂದಲೂ ಸಪ್ಪೆ ವಾರ.

ಆದರೆ ಅಷ್ಟರಿಂದಲೇ ಇಷ್ಟು ದೊಡ್ಡ ಹೊಡೆತ ಬೀಳೋದಿಲ್ಲ.

ಮಗು ಯಾವಾಗ ಉತ್ತರ ಕೊಡುತ್ತೆ?

ಪರದೆ ಜೊತೆ ಮಾತಾಡುವ ಮಕ್ಕಳ ಕಾರ್ಯಕ್ರಮ ಗೆದ್ದ ಉದಾಹರಣೆ ಅಮೆರಿಕದಲ್ಲೇ ಇತ್ತು. 1996ರಲ್ಲಿ ನಿಕಲೋಡಿಯನ್ ಚಾನೆಲ್‌ನಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ನಲ್ಲಿ ನಿರೂಪಕ ಸ್ಟೀವ್ ಬರ್ನ್ಸ್ ಪ್ರಶ್ನೆ ಕೇಳಿ, ಸುಮ್ಮನಾಗಿ, ಕಾಯುತ್ತಿದ್ದರು. ದೊಡ್ಡವರು ನೋಡಿದರೆ ಈ ಮನುಷ್ಯನಿಗೆ ಏನಾಯ್ತು ಅನ್ನಿಸೋಷ್ಟು ಹೊತ್ತು ಕಾಯುತ್ತಿದ್ದರು. ಅದು ಮಗು ಯೋಚಿಸಿ ಬಾಯಿ ಬಿಡಲು ಬೇಕಾದ ಸಮಯ. ಇನ್ನೊಂದು ವಿಚಿತ್ರ ಅಂದರೆ ಒಂದೇ ಕಂತನ್ನು ವಾರದ ಐದೂ ದಿನ ಹಾಕುತ್ತಿದ್ದರು. ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಬೆಂಬಲವಾಗಿತ್ತು. ಅದೇ ಕಂತನ್ನು ಮತ್ತೆ ಮತ್ತೆ ನೋಡಿದಂತೆ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತಿತ್ತು, ಪರದೆಗೆ ಉತ್ತರ ಹೇಳೋದೂ ಹೆಚ್ಚುತ್ತಿತ್ತು. ಮೊದಲ ಸಲ ನೋಡುವಾಗ ಮಗು ಗ್ರಹಿಸೋದರಲ್ಲೇ ಮುಳುಗಿರುತ್ತೆ, ಗೊತ್ತಾದ ಮೇಲೆ ಬಾಯಿ ಬಿಡುತ್ತೆ. ಒಂದೇ ಕಥೆಯನ್ನು ಪ್ರತಿ ರಾತ್ರಿ ಹೇಳಿ ಸುಸ್ತಾದ ಅಜ್ಜಿಯರಿಗೆ ಇದಕ್ಕೆ ಅಧ್ಯಯನ ಬೇಕಿಲ್ಲ.

ಇನ್ನೂ ಚಿಕ್ಕ ಮಕ್ಕಳ ಬಗ್ಗೆ ಒಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜಾರ್ಜೀನ್ ಟ್ರೊಸೆತ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ಎರಡು ವರ್ಷದ ಮಕ್ಕಳಿಗೆ ಆಟಿಕೆ ಎಲ್ಲಿ ಬಚ್ಚಿಟ್ಟಿದೆ ಅಂತ ಟಿವಿಯಲ್ಲಿ ಒಬ್ಬರು ಹೇಳುತ್ತಾರೆ. ಮೊದಲೇ ಚಿತ್ರಿಸಿಟ್ಟ ವಿಡಿಯೊ ಆದರೆ ಬಹುಪಾಲು ಮಕ್ಕಳು ಆ ಮಾತನ್ನು ಬಳಸಿಕೊಳ್ಳಲೇ ಇಲ್ಲ. ಆದರೆ ಟಿವಿಯಲ್ಲಿರುವವರು ಮೊದಲು ಐದು ನಿಮಿಷ ನೇರಪ್ರಸಾರದಲ್ಲಿ ಆ ಮಗುವಿನ ಹೆಸರು ಹಿಡಿದು ಮಾತಾಡಿ, ಅದರ ಮಾತಿಗೆ ನಿಜವಾಗಿ ಪ್ರತಿಕ್ರಿಯಿಸಿದರೆ, ಮಕ್ಕಳು ಹೋಗಿ ಆಟಿಕೆ ಹುಡುಕಿ ತಂದರು. ಪರದೆ ಮೇಲಿನವರು ತನ್ನ ಮಾತು ಕೇಳಿಸಿಕೊಳ್ತಿದ್ದಾರಾ ಇಲ್ವಾ ಅನ್ನೋದು ಎರಡು ವರ್ಷದ ಮಗುವಿಗೂ ತಿಳಿಯುತ್ತೆ.

ಈಗ ಅಭಿನಯ ಗೀತೆಯ ಆ ವ್ಯತ್ಯಾಸಕ್ಕೆ ಬರೋಣ. ಅಂಗನವಾಡಿ ಟೀಚರ್ ಹಾಡುವಾಗ ಒಂದು ಮಗು ಮೂಲೆಯಲ್ಲಿ ಮಂಕಾಗಿ ನಿಂತಿದ್ದರೆ ಅವರಿಗೆ ಕಾಣುತ್ತೆ. ಹತ್ತಿರ ಹೋಗಿ ಕೈ ಹಿಡಿಯುತ್ತಾರೆ, ಹಾಡು ನಿಧಾನ ಮಾಡ್ತಾರೆ, ಇಲ್ಲವೇ ಬಿಟ್ಟು ಬೇರೆ ಹಾಡು ಎತ್ತಿಕೊಳ್ತಾರೆ. ಚಿಟ್ಟೆ-ಆಮೆಗಳಿಗೆ ಹಾಲ್ ಕಾಣೋದಿಲ್ಲ. ಯಾರೂ ಏಳದಿದ್ದರೂ ಚಿಟ್ಟೆ ಹಾರುತ್ತೆ, ಯಾರೂ ಎದ್ದಿರದಿದ್ದರೂ ಆಮೆ ಬಂದು ಕೂರಿಸುತ್ತೆ.

ಸಿನಿಮಾದಲ್ಲಿ ಈ ಕೊರತೆ ತುಂಬಬೇಕಾದದ್ದು ಪಕ್ಕದ ಸೀಟಿನ ಮಕ್ಕಳು. ಐವತ್ತು ಮಕ್ಕಳು ಒಟ್ಟಿಗೆ ಎದ್ದರೆ ಐವತ್ತೊಂದನೆಯದು ಹೇಳದೆಯೇ ಏಳುತ್ತೆ. ಚಿತ್ರ ನಿಂತಿದ್ದೇ ಹಾಲ್ ತುಂಬಿರುತ್ತೆ ಅನ್ನೋ ನಂಬಿಕೆ ಮೇಲೆ. ಹಾಲ್ ತುಂಬಬೇಕಾದರೆ ಮಕ್ಕಳಿಗೆ ಊಗಿಲವ್ಸ್ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಟೆಲಿಟಬ್ಬೀಸ್ ದಿನಾ ಮನೆಗೆ ಬರುತ್ತಿದ್ದವರು. ಇವರು ಟಿವಿ ಕಾರ್ಯಕ್ರಮವೂ ಇಲ್ಲದೆ ಮೊದಲ ಸಲಕ್ಕೇ ದೊಡ್ಡ ಪರದೆ ಮೇಲೆ ಬಂದು ‘ನಮ್ಮ ಜೊತೆ ಹಾಡಿ’ ಅಂದರು. ಕೇಳದ ಹಾಡನ್ನು ಹಾಡೋದು ಹೇಗೆ? ನಾಲ್ಕು ಕೋಟಿ ಡಾಲರ್ ಪ್ರಚಾರವಾದರೂ ಮುಟ್ಟಿದ್ದು ದೊಡ್ಡವರನ್ನು, ಅವರಿಗೆ ಕುಣಿಯೋ ತಲೆದಿಂಬು ಬೇಕಿರಲಿಲ್ಲ.

ಹಾಗೂ ಬಂದ ಮಕ್ಕಳ ಸ್ಥಿತಿ ನೆನೆಸಿಕೊಳ್ಳಿ. ಕತ್ತಲೆ ಹಾಲ್, ಇನ್ನೂರು ಖಾಲಿ ಸೀಟು, ಪಕ್ಕದಲ್ಲಿ ಅಮ್ಮ. ಪರದೆ ಮೇಲೆ ದೊಡ್ಡ ತಲೆಯ ಮೂವರು ‘ಎದ್ದೇಳಿ’ ಅಂತ ಕೂಗ್ತಿದ್ದಾರೆ. ಮಗು ಮೊದಲು ನೋಡೋದು ಪರದೆಯನ್ನಲ್ಲ, ಅಮ್ಮನ ಮುಖವನ್ನು.

ಹದಿನೇಳು ತಿಂಗಳ ನಂತರ, 2014ರ ಜನವರಿ 31ರಂದು, ಡಿಸ್ನಿ ‘ಫ್ರೋಜನ್’ ಚಿತ್ರದ ಸಿಂಗ್-ಅಲಾಂಗ್ ಆವೃತ್ತಿಯನ್ನು ಅಮೆರಿಕದ ಥಿಯೇಟರ್‌ಗಳಿಗೆ ಬಿಟ್ಟಿತು. ಹಾಡಿನ ಸಾಲುಗಳ ಮೇಲೆ ಒಂದು ಹಿಮದ ಚುಕ್ಕಿ ಪುಟಿಯುತ್ತಾ ಹೋಗುತ್ತೆ, ಅದನ್ನು ಹಿಂಬಾಲಿಸಿ ಹಾಡಬೇಕು. ಸನ್ನೆಯ ಲೆಕ್ಕದಲ್ಲಿ ನೋಡಿದರೆ ಚಿಟ್ಟೆ-ಆಮೆಗಿಂತ ದೊಡ್ಡ ಉಪಾಯವೇನಲ್ಲ. ಆದರೆ ಚಿತ್ರ ಅಷ್ಟು ಹೊತ್ತಿಗೆ ಎರಡು ತಿಂಗಳಿಂದ ಓಡುತ್ತಿತ್ತು, ಹಾಡುಗಳು ಮಕ್ಕಳ ಬಾಯಲ್ಲಿದ್ದವು. ಹಾಡೋಕೆ ಹೇಳಿಕೊಡಬೇಕಿರಲಿಲ್ಲ, ಹಾಡೋಕೆ ಬಿಟ್ಟರೆ ಸಾಕಿತ್ತು.

ಮನೆಯಲ್ಲಿ ತೋರಿಸಬಹುದಾ?

ಕೆಟ್ಟ ಚಿತ್ರ ಅಂದಾಕ್ಷಣ ಮಗುವಿಗೆ ಕೆಡುಕು ಅಂತಲ್ಲ. ಇದರಲ್ಲಿ ಹಿಂಸೆ ಇಲ್ಲ, ಹೆದರಿಸುವ ಖಳನೂ ಇಲ್ಲ. ಬೇಸರ ಆಗೋದು ದೊಡ್ಡವರಿಗೆ.

ನೋಡಬೇಕಾದ್ದು ಸಮಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ 2ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡೋದು ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಒಂದು ವರ್ಷದ ಮಕ್ಕಳಿಗಂತೂ ಪರದೆ ಬೇಡವೇ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಅಂತ ಹೇಳಿ, ದೊಡ್ಡವರು ಜೊತೆಗೆ ಕೂತು ನೋಡಬೇಕು ಅಂತಲೂ ಸೇರಿಸಿತ್ತು. 88 ನಿಮಿಷದ ಚಿತ್ರ ಒಂದೇ ಸಲಕ್ಕೆ ಆ ಮಿತಿ ದಾಟುತ್ತೆ. ಇದು ಎದ್ದು ಕುಣಿಸುವ ಚಿತ್ರ ತಾನೇ, ಕೂತು ನೋಡೋದಲ್ವಲ್ಲ ಅಂತ ವಾದಿಸಬಹುದು. ಮಗು ನಿಜಕ್ಕೂ ಕುಣಿಯುತ್ತಿದ್ದರೆ ಆ ವಾದಕ್ಕೆ ಸ್ವಲ್ಪ ಬಲ ಇದೆ. ಮೊಬೈಲ್ ಕೈಗೆ ಕೊಟ್ಟು ಅಡುಗೆ ಮನೆಗೆ ಹೋದರೆ ಇಲ್ಲ.

ಐದು ಬಲೂನು ಅಂದರೆ ಐದು ಕಂತು ಅಂತ ಲೆಕ್ಕ ಹಾಕಿ. ದಿನಕ್ಕೊಂದು ಬಲೂನು, ಹದಿನೈದು-ಇಪ್ಪತ್ತು ನಿಮಿಷ. ಇಷ್ಟವಾದ ಹಾಡನ್ನು ಮರುದಿನವೂ ಹಾಕಿ. ಪಾತ್ರ ಪ್ರಶ್ನೆ ಕೇಳಿದಾಗ ಪಾಸ್ ಒತ್ತಿ ಮಗುವಿನ ಉತ್ತರಕ್ಕೆ ಕಾಯಿರಿ, ಥಿಯೇಟರ್‌ನಲ್ಲಿ ಆ ಬಟನ್ ಇರಲಿಲ್ಲ. ಚಿಟ್ಟೆ ಬಂದಾಗ ಮೊದಲು ಸೋಫಾದಿಂದ ಏಳಬೇಕಾದವರು ನೀವು.